ಉಕ್ಕಿನ ಸೇತುವೆಯೂ ನೆರೆಹೊರೆಯೂ

ಬೆಂಗಳೂರಿನ ಗಂಗಾನಗರದ ಅಂಚಿನಲ್ಲಿ, ಅಡ್ಡಬೀದಿಯೊಂದು ಬಳ್ಳಾರಿ ರಸ್ತೆಯನ್ನು ಕೂಡುವ ಮೂಲೆಯಲ್ಲಿ, ಹಿರಿಯರೊಬ್ಬರ ಮನೆಯುಂಟು. ಅವರು ಸರಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರಗಳನ್ನು ನೋಡಿ ವಿಶ್ರಾಂತರಾದವರು. ಮನೆಯೇನೂ ದೊಡ್ಡದಲ್ಲ. ಮುಂದುಗಡೆ ನಾಲ್ವರು ಕುಳಿತು ಮಾತನಾಡಬಹುದಾದ ಜಗಲಿ. ಅದರಾಚೆ, ರಸ್ತೆಯ ಮಗ್ಗುಲಿಗೆ, ಒಂದು ಮಳೆಮರ. ಮರವು ಸರಕಾರದ್ದು, ಆದರೆ ಅದರ ಎಲೆಯನ್ನೂ ಕಾಯನ್ನೂ ಪ್ರತಿದಿನವೂ ಗುಡಿಸತಕ್ಕವರು ಆ ಮನೆಯ ಅಜ್ಜಿ. ಆದಕಾರಣ ಮರದ ಒಡೆತನವು ಯಾರದೆಂಬ ವಿಷಯದಲ್ಲಿ ಆ ಬೀದಿಯವರಿಗೆ ಎರಡು ಅಭಿಪ್ರಾಯಗಳಿದ್ದುವು.

೨೦೧೬ನೆಯ ಇಸವಿ ಸೆಪ್ಟೆಂಬರ್ ತಿಂಗಳ ಕಡೆಯಲ್ಲಿ ರಾಜ್ಯದ ಸಚಿವ ಸಂಪುಟವು ಒಂದು ಕಾಮಗಾರಿಗೆ ಒಪ್ಪಿಗೆಯಿತ್ತಿತು. ಜನರು ಚಾಲುಕ್ಯ ವೃತ್ತವೆಂದು ಕರೆಯುವ ಬಸವೇಶ್ವರ ವೃತ್ತದಿಂದ ಹೊರಟು, ಅರಮನೆಯ ಮೈದಾನ, ಮೇಖ್ರಿ ವೃತ್ತ, ಗಂಗಾನಗರಗಳನ್ನು ಹಾದು ಹೆಬ್ಬಾಳವನ್ನು ಮುಟ್ಟುವ ೬.೭ ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆ; ವೆಚ್ಚ ೧,೭೯೧ ಕೋಟಿ ರೂಪಾಯಿ; ಕಡಿಯಬೇಕಾಗಿದ್ದ ಮರಗಳು ೮೧೨. ಹಿರಿಯರಿಗೆ ಈ ಸಂಗತಿ ತಿಳಿದದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ ವೃತ್ತಪತ್ರಿಕೆಯಿಂದ. ತಮ್ಮ ಮನೆಯ ಮುಂದೆ ನಡೆಯತಕ್ಕ ಕೆಲಸವನ್ನು ಊರವರೆಲ್ಲರ ಜೊತೆಗೆ, ಎರಡು ರೂಪಾಯಿಯ ಏರಿಕೆಯಾದ ಈರುಳ್ಳಿಯ ಬೆಲೆಯನ್ನು ಓದಿದಂತೆ ಓದಬೇಕಾಯಿತಲ್ಲಾ ಎಂಬುದೇ ಅವರಿಗೆ ಮೊದಲು ಉಂಟಾದ ಖೇದ. ಲೆಕ್ಕದವರ ಅಭ್ಯಾಸ ಸುಮ್ಮನೆ ಬಿಡುವುದಿಲ್ಲ. ಪತ್ರಿಕೆಯ ಅಂಚಿನಲ್ಲಿಯೇ ಭಾಗಾಕಾರ ಮಾಡಿ ನೋಡಿದರು: ಕಿಲೋಮೀಟರಿಗೆ ಸುಮಾರು ೨೬೭ ಕೋಟಿ ರೂಪಾಯಿ, ಎಂಟೆಂಟು ಮೀಟರಿಗೆ ಒಂದೊಂದು ಮರ. ಎರಡನೆಯ ಲೆಕ್ಕವು ತಪ್ಪಾಗಿರಬಹುದೆಂದು ಎದ್ದುಹೋಗಿ, ಗೇಟಿನಿಂದ ರಸ್ತೆಯುದ್ದಕ್ಕೂ ಹೆಜ್ಜೆಹಾಕಿ ಎಣಿಸಿ ಬಂದರೆಂದು ಅಜ್ಜಿ ಆಮೇಲೆ ನೆರೆಯವರಲ್ಲಿ ಹೇಳಿದರು.

ಈ ಕಾಮಗಾರಿಯನ್ನು ವಹಿಸಿಕೊಂಡಿದ್ದುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಅಭಿವೃದ್ಧಿಯೆಂಬ ಶಬ್ದವನ್ನು ಕೇಳಿದಾಗ ವ್ಯಾಕರಣ ಓದಿದವರಿಗೆ ಬೇರೆ ಏನೇನೋ ನೆನಪಾಗುತ್ತದೆ. ಪಾಣಿನಿಯು ತನ್ನ ಶಾಸ್ತ್ರವನ್ನು ವೃದ್ಧಿಯೆಂಬ ಪದದಿಂದಲೇ ಮೊದಲುಮಾಡಿದನು. ಅದು ಮಂಗಳಾರ್ಥವಾದುದೆಂದು ಪತಂಜಲಿಯ ಭಾಷ್ಯವು ಸಮರ್ಥಿಸುತ್ತದೆ. ಸ್ಮೃತಿಕಾರರಲ್ಲಿ ಸಾಲದ ಬಡ್ಡಿಗೂ ವೃದ್ಧಿಯೆಂದೇ ಹೆಸರು. ಮನೆಯಲ್ಲಿ ಮಗು ಹುಟ್ಟಿದಾಗ ಹತ್ತು ದಿನ ಆಚರಿಸುವ ಮೈಲಿಗೆಯೂ ವೃದ್ಧಿಯೇ. ಮಂಗಳವೂ ಬಡ್ಡಿಯೂ ಮೈಲಿಗೆಯೂ ಒಂದೇ ಶಬ್ದದಲ್ಲಿ ಅಡಗಿರುವಾಗ, ಇಂಥ ಅಭಿವೃದ್ಧಿ ಎಂದು ಯಾರಾದರೂ ಬಂದು ಹೇಳಿದರೆ ಯಾವ ಅರ್ಥದಲ್ಲಿ ಎಂದು ವಿಚಾರಿಸುವುದು ಅವಿನಯವೇನೂ ಅಲ್ಲ. ಇನ್ನೊಂದು ವಿಚಿತ್ರವೂ ಉಂಟು. ಈ ಪ್ರಾಧಿಕಾರಕ್ಕೆ ಜನ್ಮವಿತ್ತ ಕಾನೂನೂ, ಮರಗಳ ಸಂರಕ್ಷಣೆಗಾಗಿ ಈ ರಾಜ್ಯವು ಮಾಡಿಕೊಂಡ ಕಾನೂನೂ ೧೯೭೬ನೆಯ ಇಸವಿಯವೇ. ಒಂದೇ ವರ್ಷದ ಮಕ್ಕಳು. ಸಹೋದರರಂತೆ ಬಾಳಿದ ಸಂದರ್ಭಗಳು ಮಾತ್ರ ಹೆಚ್ಚಾಗಿ ಕಾಣಬರುವುದಿಲ್ಲ.

ಅಂದು ಸಂಜೆ ಜಗಲಿಯಲ್ಲಿ ನೆರೆಹೊರೆಯವರು ಕೂಡಿದರು. ಒಬ್ಬೊಬ್ಬರಿಗೆ ಒಂದೊಂದು ಭಯ. ಮೂಲೆಯ ದಿನಸಿ ಅಂಗಡಿಯವರಿಗೆ, ಗಾಡಿಗಳೆಲ್ಲ ತಲೆಯ ಮೇಲೆ ಹೋಗಿಬಿಟ್ಟರೆ ಕೆಳಗೆ ನಿಂತು ಕೊಳ್ಳುವವರಾರು ಎಂಬ ಚಿಂತೆ. ಮಹಡಿಯ ಮನೆಯವರಿಗೆ, ರಾತ್ರಿಯೆಲ್ಲ ಕಿಟಕಿಯ ಮಟ್ಟದಲ್ಲಿಯೇ ದೀಪಗಳು ಹಾದುಹೋಗುವುವೆಂಬ ಸಂಕಟ. ಕಾಂಪೌಂಡಿನ ಗೋಡೆಯು ಇನ್ನೆಷ್ಟು ಅಡಿ ಹಿಂದಕ್ಕೆ ಸರಿಯಬೇಕೋ ಎಂದು ಕೆಲವರು. ಕಟ್ಟುವ ಕಾಲದ ಧೂಳಿನಲ್ಲಿ ಉಬ್ಬಸದ ತಾಯಿಯನ್ನು ಎಲ್ಲಿ ಇರಿಸುವುದೆಂದು ಒಬ್ಬರು. ಇಷ್ಟೂ ಉಕ್ಕು ಬಿಸಿಲಿಗೆ ಕಾದು ಬೀದಿಯನ್ನೇ ಒಲೆಯಾಗಿ ಮಾಡುವುದೆಂದು ಹೇಳಿದವರೂ ಇದ್ದರು. ಇದು ವಿಚಾರಕ್ಕಿಂತ ಕಲ್ಪನೆಗೆ ಹತ್ತಿರವಾದ ಮಾತು. ತಮ್ಮ ನಿವೇಶನದ ಬೆಲೆ ಇಳಿಯುವುದೆಂಬ ಭಯವನ್ನು ಬಾಯಿಬಿಟ್ಟು ಆಡಿದವರಿಲ್ಲ. ಆದರೆ ಅದು ಯಾರ ಮನಸ್ಸಿನಲ್ಲಿಯೂ ಇರಲಿಲ್ಲವೆಂದು ನಂಬುವುದು ಕಷ್ಟ. ಮರಗಳ ಹೆಸರಿನಲ್ಲಿ ಮಾತನಾಡುವಾಗ ಮನುಷ್ಯನಿಗೆ ತನ್ನ ಸ್ವಾರ್ಥವೂ ಸ್ವಲ್ಪ ಹಸಿರಾಗಿ ತೋರುವುದುಂಟು.

ಪ್ರತಿಪಕ್ಷವು ಹೊರಗಿನಿಂದ ಬರಬೇಕಾಗಿರಲಿಲ್ಲ. ಹಿರಿಯರ ಮಗಳ ಮಗನು ಅದೇ ಮನೆಯಲ್ಲಿದ್ದು, ದೇವನಹಳ್ಳಿಯ ಬಳಿಯ ವಿಮಾನನಿಲ್ದಾಣದಲ್ಲಿ ಕೆಲಸಮಾಡುತ್ತಿದ್ದನು. ೨೦೦೮ರಲ್ಲಿ ಆ ನಿಲ್ದಾಣವು ತೆರೆದಂದಿನಿಂದ ಬಳ್ಳಾರಿ ರಸ್ತೆಯ ಪಾಡೇ ಬೇರೆಯಾಯಿತು. ಸಂಜೆ ಏಳಕ್ಕೆ ಮನೆಗೆ ಬರಬೇಕಾದ ಹುಡುಗನು ಹೆಬ್ಬಾಳದಲ್ಲಿ ನಿಂತು ನಿಂತು ಒಂಬತ್ತಕ್ಕೆ ಬರುವನು. ಆ ರಾತ್ರಿ ಊಟದ ಎಲೆಯ ಮುಂದೆ ಅವನೆಂದನು: “ತಾತ, ನೀವು ಮರ ಎಣಿಸಿದಿರಿ. ನಾನು ದಿನವೂ ಎಣಿಸುವುದು ಬೇರೆ. ಇವತ್ತು ನಮ್ಮ ಬಸ್ಸಿನ ಹಿಂದೆ ಒಂದು ಆಂಬುಲೆನ್ಸು ಇಪ್ಪತ್ತು ನಿಮಿಷ ಕೂಗಿಕೊಂಡಿತು. ಅದರೊಳಗೆ ಇದ್ದವರು ಯಾರ ಮನೆಯ ಹಿರಿಯರೋ.”

ಹಿರಿಯರು ಉತ್ತರ ಕೊಡಲಿಲ್ಲ. ಅಜ್ಜಿ, “ಅನ್ನದ ಮುಂದೆ ಅಂಥ ಮಾತು ಬೇಡವಪ್ಪ” ಎಂದು ಮಜ್ಜಿಗೆ ಬಡಿಸಿದರು. ಈ ಹುಡುಗನ ಮಾತನ್ನು ಆಮೇಲಾದರೂ ಯಾರೂ ಪೂರ್ತಿಯಾಗಿ ಪರಿಹರಿಸಿದಂತೆ ಕಾಣುವುದಿಲ್ಲ. ದೂರದಿಂದ ಬಂದುಹೋಗುವವರಿಗೂ ರಸ್ತೆಯ ಮೇಲೆ ಹಕ್ಕುಂಟು. ಅವರ ಸಂಖ್ಯೆ ಬೀದಿಯವರಿಗಿಂತ ಎಷ್ಟೋ ಮಡಿ ಹೆಚ್ಚು. ಇದಂತಿರಲಿ, ಹಿರಿಯರ ಮನಸ್ಸನ್ನು ಕೊರೆಯುತ್ತಿದ್ದ ಪ್ರಶ್ನೆಯು ಸೇತುವೆಯು ಬೇಕೇ ಬೇಡವೇ ಎಂಬುದಾಗಿರಲಿಲ್ಲ. ಕೇಳಿದರೇ, ಕೇಳಲಿಲ್ಲವೇ ಎಂಬುದಾಗಿತ್ತು.

ಕೇಳಿದ್ದೆವೆಂದು ಪ್ರಾಧಿಕಾರವು ಹೇಳಿತು. ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಿದ್ದಾಗಿಯೂ, ಸುಮಾರು ೩೦೦ ಮಿಂಚಂಚೆಗಳು ಬಂದುದಾಗಿಯೂ, ಅವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಅನುಕೂಲವಾಗಿದ್ದುದಾಗಿಯೂ ಅದರ ಸಮಾಧಾನ. ೨೦೧೧ನೆಯ ಜನಗಣತಿಯಲ್ಲಿಯೇ ೮೪ ಲಕ್ಷವನ್ನು ದಾಟಿದ್ದ ನಗರವಿದು. ಆ ಜಗಲಿಯಲ್ಲಿ ಕೂಡುತ್ತಿದ್ದವರಲ್ಲಿ ಮಿಂಚಂಚೆ ಕಳುಹಿಸಬಲ್ಲವರು ಇಬ್ಬರು. ಆಹ್ವಾನದ ಸುದ್ದಿಯನ್ನು ಬಲ್ಲವರು ಒಬ್ಬರೂ ಇಲ್ಲ.

ಈ ಸಂದರ್ಭದಲ್ಲಿ ಹಳೆಯ ಗ್ರಂಥವೊಂದನ್ನು ಸ್ಮರಿಸಬೇಕಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಲುಪ್ತವಾಗಿದ್ದು, ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಅಚ್ಚಾಗಿ ಹೊರಬಂದುದನ್ನು ವಾಚಕರು ಬಲ್ಲರು. ಅದರ ಮೂರನೆಯ ಅಧಿಕರಣವಾದ ಧರ್ಮಸ್ಥೀಯದಲ್ಲಿ ಮನೆ, ಹೊಲ, ತೋಟ, ಸೇತು, ಕೆರೆಗಳ ವಿಚಾರ ಬರುತ್ತದೆ. ಇಂಥ ವಿವಾದಗಳಿಗೆ ನೆರೆಯವರ ಮಾತೇ ಆಧಾರವೆಂದು ಅಲ್ಲಿ ವಿಧಿಸಿದೆ. ಒಬ್ಬನು ಮನೆಯನ್ನು ಮಾರಬೇಕಾದರೂ ಜ್ಞಾತಿಗಳ ತರುವಾಯ ನೆರೆಯವರಿಗೆ ಕೊಳ್ಳುವ ಅವಕಾಶ. ತನ್ನ ಮನೆಯ ನೀರು ಹೋಗುವ ದಾರಿಯಿಂದ ಪಕ್ಕದ ಗೋಡೆಗೆ ಕೇಡಾಗುವಂತೆ ಮಾಡಿದವನಿಗೆ ದಂಡ. ಕೌಟಿಲ್ಯನು ಪ್ರಜಾರಾಜ್ಯದ ಪಕ್ಷಪಾತಿಯಲ್ಲ. ಗೂಢಚಾರರಿಂದ ರಾಜ್ಯವನ್ನು ತುಂಬಿದ ಕಠಿನನೀತಿಜ್ಞ. ಅಂಥವನೂ ಬಚ್ಚಲ ನೀರಿನ ವಿಷಯದಲ್ಲಿ ನೆರೆಮನೆಯವನನ್ನು ಮರೆಯಲಿಲ್ಲ. ಇಂದಿನ ಶಾಸನವೂ ಮರೆತಿದೆಯೆಂದು ಹೇಳುವಂತಿಲ್ಲ. ೧೯೯೨ರ ೭೪ನೆಯ ಸಂವಿಧಾನ ತಿದ್ದುಪಡಿಯು ಮಹಾನಗರಗಳಿಗೆ ಯೋಜನಾ ಸಮಿತಿಯೊಂದು ಇರತಕ್ಕದ್ದೆಂದು ವಿಧಿಸಿದೆ. ಉಕ್ಕಿನ ಸೇತುವೆಯನ್ನು ವಿರೋಧಿಸಿದವರ ತಕರಾರುಗಳಲ್ಲಿ, ಯೋಜನೆಯು ಆ ಸಮಿತಿಯ ಮುಂದೆ ಬರಲೇ ಇಲ್ಲವೆಂಬುದೂ ಒಂದು.

ಅಕ್ಟೋಬರ್ ೧೬ನೆಯ ತಾರೀಖು ಭಾನುವಾರ. ಅಂದು ಬೆಳಗ್ಗೆ ಬಳ್ಳಾರಿ ರಸ್ತೆಯುದ್ದಕ್ಕೂ ಮಾನವ ಸರಪಳಿ ಏರ್ಪಟ್ಟಿತ್ತು. ಹಿರಿಯರು ಸೇವೆಯಲ್ಲಿದ್ದಷ್ಟು ಕಾಲವೂ ಒಂದು ಮನವಿಪತ್ರಕ್ಕೆ ರುಜು ಹಾಕಿದವರಲ್ಲ. ಸರಕಾರದ ನೌಕರನಿಗೆ ಅದು ತಕ್ಕುದಲ್ಲವೆಂಬ ಭಾವನೆ ಅವರ ಮೂಳೆಯಲ್ಲಿ ಸೇರಿಹೋಗಿತ್ತು. ಅಂಥವರು ಸ್ನಾನಮಾಡಿ, ಒಗೆದ ಪಂಚೆಯುಟ್ಟು, ಮದುವೆಗೆ ಹೊರಟವರಂತೆ ಅಂಗವಸ್ತ್ರ ಹೊದ್ದು ಗೇಟಿನ ಹೊರಗೆ ಬಂದರು. ಅಜ್ಜಿ ಹಿಂದೆಯೇ ಕೊಡೆ ತಂದುಕೊಟ್ಟರು. ಅವರ ಎಡಗೈಯನ್ನು ಹಿಡಿದುಕೊಂಡವಳು ಕಾಲೇಜಿನ ಒಬ್ಬ ಹುಡುಗಿ; ಬಲಗೈಯನ್ನು ಹಿಡಿದವರು ದಿನಸಿ ಅಂಗಡಿಯವರು, ಅವರೊಡನೆ ಒಂದು ಹಳೆಯ ಬಾಕಿಯ ವಿಷಯದಲ್ಲಿ ಹಿರಿಯರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಸಾವಿರಾರು ಜನ ಸೇರಿದ್ದರು. ಘೋಷಣೆ ಕೂಗುವವರು ಕೂಗಿದರು; ಹಿರಿಯರಿಗೆ ಕೂಗುವುದು ಬಾರದು, ಸುಮ್ಮನೆ ನಿಂತಿದ್ದರು. ಆ ಹುಡುಗಿ, “ತಾತ, ಕಾಲು ನೋಯುತ್ತಿದೆಯೇ? ಕುಳಿತುಕೊಳ್ಳಿ, ನಾನು ನಿಮ್ಮ ಜಾಗ ಹಿಡಿದಿರುತ್ತೇನೆ” ಎಂದಳಂತೆ. ಕುಳಿತುಕೊಂಡರೆ ಸರಪಳಿ ಕಡಿದಂತಾಗುವುದೆಂದು ಅವರು ಒಪ್ಪಲಿಲ್ಲ.

ಮೊಮ್ಮಗನು ಅಂದು ಸರಪಳಿಗೆ ಬರಲಿಲ್ಲ. ಅವನಿಗೆ ಬೆಳಗಿನ ಪಾಳಿಯಿತ್ತೆಂಬುದು ನಿಜ. ಇಲ್ಲದಿದ್ದರೂ ಬರುತ್ತಿರಲಿಲ್ಲವೆಂಬುದೂ ನಿಜ.

ಅನಂತರದ ಕಥೆಯನ್ನು ಸಂಕ್ಷೇಪಿಸಬಹುದು. ನಾಗರಿಕರು ನ್ಯಾಯಸ್ಥಾನಗಳ ಮೆಟ್ಟಿಲೇರಿದರು. ಪರಿಸರದ ಪ್ರಶ್ನೆಗಳಿಗಾಗಿಯೇ ೨೦೧೦ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠವು ಅಕ್ಟೋಬರ್ ೨೮ರಂದು ಕೆಲಸಕ್ಕೆ ತಡೆಯಾಜ್ಞೆ ನೀಡಿತು. ರಾಜಕೀಯದ ಆರೋಪ ಪ್ರತ್ಯಾರೋಪಗಳು ಬೆಳೆದುವು. ಕಟ್ಟಕಡೆಗೆ ೨೦೧೭ನೆಯ ಇಸವಿ ಮಾರ್ಚಿ ೨ರಂದು ಸರಕಾರವು ಯೋಜನೆಯನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿತು. ಆ ದಿನ ಬೀದಿಯಲ್ಲಿ ಸಿಹಿ ಹಂಚಿದರು. ಅಂಗಡಿಯವರು ಹಿರಿಯರ ಮನೆಗೆ ಮೈಸೂರುಪಾಕನ್ನು ಕಳುಹಿಸಿಕೊಟ್ಟರು. ಹಳೆಯ ಬಾಕಿಯ ಮಾತನ್ನು ಎರಡು ಕಡೆಯವರೂ ಎತ್ತಲಿಲ್ಲ. ೨೦೧೯ರ ಆದಿಯಲ್ಲಿ ಬೇರೊಂದು ಸರಕಾರವಿದ್ದಾಗ ಅದೇ ಯೋಜನೆ ಮತ್ತೊಮ್ಮೆ ತಲೆಯೆತ್ತಿ, ಮತ್ತೆ ವಿರೋಧ ಬಂದು, ಮತ್ತೆ ಮಲಗಿತು. ಮೇಲೆ ಹೋಗಲಾಗದ ದಾರಿಯು ನೆಲದ ಕೆಳಗೆ ಇಳಿಯಲು ಹವಣಿಸಿತು: ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ೧೬ ಕಿಲೋಮೀಟರಿಗೂ ಮಿಕ್ಕ ಸುರಂಗಮಾರ್ಗದ ಯೋಜನೆ ಹೊರಟು, ಅದರ ಬಾಯಿಯೊಂದು ಲಾಲ್‌ಬಾಗಿನಲ್ಲಿ ತೆರೆಯುವುದೆಂಬ ಕಾರಣದಿಂದ ೨೦೨೫ರಲ್ಲಿ ಅಲ್ಲಿಯ ನೆರೆಹೊರೆಯವರು ಆಕ್ಷೇಪವೆತ್ತಿದರು.

ಮೇಖ್ರಿ ವೃತ್ತದ ಸಮೀಪದಲ್ಲಿ ಕೆಂಪೇಗೌಡರ ಹೆಸರಿನ ಗಡಿಗೋಪುರವೊಂದಿದೆ. ಇಂಥವು ನಾಲ್ಕು; ಉಳಿದವು ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ದಂಡೆಯಲ್ಲಿ. ಊರು ಈ ನಾಲ್ಕು ಗಡಿಗಳವರೆಗೆ ಬೆಳೆಯುವುದೆಂದು ಕಟ್ಟಿಸಿದವರು ಎಣಿಸಿದ್ದರಂತೆ ಎಂಬುದು ಐತಿಹ್ಯ. ಹಿರಿಯರು ಸಂಜೆ ತಿರುಗಾಡಲು ಹೋದಾಗ ಆ ಗೋಪುರದ ಉದ್ಯಾನದ ಕಲ್ಲುಬೆಂಚಿನಲ್ಲಿ ಕುಳಿತುಕೊಳ್ಳುವ ವಾಡಿಕೆ. ಗೋಪುರದ ಎರಡು ಕಡೆಯಲ್ಲಿಯೂ ಗಾಡಿಗಳು ಹಿಂದಿನಂತೆಯೇ ನಿಂತಿರುತ್ತವೆ. ಹಿಂದಿಗಿಂತ ಹೆಚ್ಚಾಗಿಯೇ ನಿಂತಿರುತ್ತವೆಂದು ಹೇಳಿದರೂ ತಪ್ಪಾಗದು. ಸೇತುವೆ ಬಂದಿದ್ದರೆ ಅವು ನಿಲ್ಲುತ್ತಿರಲಿಲ್ಲವೋ, ಅಥವಾ ಒಂದು ಅಂತಸ್ತಿನ ಬದಲು ಎರಡು ಅಂತಸ್ತಿನಲ್ಲಿ ನಿಲ್ಲುತ್ತಿದ್ದುವೋ, ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವುಂಟು.

ಮೊಮ್ಮಗನು ಈಗ ಆ ಮನೆಯಲ್ಲಿಲ್ಲ. ಸೇತುವೆ ರದ್ದಾದ ಮರುವರ್ಷ ಯಲಹಂಕದಾಚೆ ಬಾಡಿಗೆಗೆ ಮನೆ ಹಿಡಿದನು. ಜಗಳವಾಡಿ ಹೋದದ್ದಲ್ಲ. “ದಿನಕ್ಕೆ ನಾಲ್ಕು ಗಂಟೆ ರಸ್ತೆಯಲ್ಲೇ ಕಳೆದರೆ ನಾನು ಈ ಮನೆಯಲ್ಲಿ ಇದ್ದೂ ಏನು, ತಾತ?” ಎಂದು ಕೇಳಿದಾಗ ಹಿರಿಯರು ತಾವೇ ಅವನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಕೊಟ್ಟರು. ಅವನ ಕೋಣೆಯಲ್ಲಿ ಈಗ ಹಿರಿಯರ ಪಂಚಾಂಗಗಳೂ ಹಳೆಯ ಲೆಕ್ಕದ ಪುಸ್ತಕಗಳೂ ಇವೆ. ಗೆದ್ದವರ ಮನೆಯಲ್ಲಿ ಈ ಒಂದು ಕೋಣೆ ಖಾಲಿಯಾದುದನ್ನು ಬೀದಿಯವರು ಎರಡರಲ್ಲಿ ಯಾವ ಲೆಕ್ಕಕ್ಕೂ ಸೇರಿಸಲಿಲ್ಲ. ಅಜ್ಜಿ ಮಾತ್ರ ರಾತ್ರಿ ಒಂಬತ್ತಕ್ಕೆ ಗೇಟಿನ ಸದ್ದಾಯಿತೇನೋ ಎಂದು ಬಹಳ ದಿನ ಕಿವಿಗೊಡುತ್ತಿದ್ದರು.

ತಿಂಗಳಿಗೆ ಎರಡು ಭಾನುವಾರ ಅವನು ಹೆಂಡತಿಯೊಡನೆ ಬರುತ್ತಾನೆ. ಜನಸಂದಣಿ ಹೆಚ್ಚುವುದಕ್ಕೆ ಮುಂಚೆ, ನಾಲ್ಕು ಗಂಟೆಗೆಲ್ಲ, ಹೊರಡಬೇಕು. ಅಜ್ಜಿ ಚಟ್ನಿಪುಡಿಯ ಡಬ್ಬವನ್ನೂ ಹುಳಿಯನ್ನದ ಗೊಜ್ಜನ್ನೂ ಕಟ್ಟಿಕೊಡುತ್ತಾರೆ. ಅವನು ಕಾರನ್ನು ನಿಲ್ಲಿಸುವುದು ಮಳೆಮರದ ನೆರಳಿನಲ್ಲಿಯೇ, ಬೇರೆಡೆ ಬಿಸಿಲು. ಮರವು ಬೇಸಗೆಯಲ್ಲಿ ತನ್ನ ಅಂಟುಕಾಯಿಗಳನ್ನು ಗಾಜಿನ ಮೇಲೆ ಯಥೇಚ್ಛವಾಗಿ ಸುರಿಸಿರುತ್ತದೆ. “ತಾತ, ನಿಮ್ಮ ಮರ ನೋಡಿ ಏನು ಮಾಡಿದೆ” ಎಂದು ಅವನು ಅರಿವೆ ಹುಡುಕುತ್ತಾನೆ. ಹಿರಿಯರು ಒಳಗಿನಿಂದ ನೀರಿನ ತಂಬಿಗೆಯನ್ನು ತಂದು, ತಾವೂ ಒಂದು ಕಡೆಯ ಗಾಜನ್ನು ಒರೆಸಿಕೊಡುತ್ತಾರೆ. ಅಷ್ಟರಲ್ಲಿ ಗಂಟೆ ನಾಲ್ಕೂವರೆಯಾಗಿರುತ್ತದೆ.