ಮೊಟ್ಟೆಯ ಪಾಠ ಮತ್ತು ಅಮೆರಿಕದ ಕಾರು ಪಂದ್ಯ



ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಕಾರಣದಿಂದ ಒಂದು ತಿಂಗಳು ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಈಗ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿವೆ. ಬಹಳ ದಿನಗಳಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತ ಬಂದಿದ್ದ ಒಂದು ವಿಷಯವನ್ನು ಇಂದು ಬರೆದು ಮುಗಿಸುತ್ತೇನೆ. ವಿಷಯ ಕಾರು ಪಂದ್ಯದ್ದು. ಸೈಕಲ್ಲಿನ ಮೇಲೆ ಶಾಲೆಗೆ ಬರುತ್ತಿದ್ದ ಮೇಷ್ಟ್ರಿಗೂ ಕಾರು ಪಂದ್ಯಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ನೀವು ನಗಬಹುದು. ಕೊನೆಯವರೆಗೆ ಓದಿರಿ.

2022ರ ಜುಲೈ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಮಗನ ಮನೆಗೆಂದು ಅಮೆರಿಕದ ಷಾರ್ಲಟ್ ನಗರಕ್ಕೆ ಹೋಗಿದ್ದೆವು. ಮಗ ಅಲ್ಲಿಯ ಬ್ಯಾಂಕೊಂದರಲ್ಲಿ ಉದ್ಯೋಗಿ. ಆ ಊರಿಗೆ ಬ್ಯಾಂಕುಗಳಷ್ಟೇ ಹೆಸರು ತಂದಿರುವುದು ನಾಸ್ಕಾರ್ ಎಂಬ ಸಂಸ್ಥೆ ನಡೆಸುವ ಸ್ಟಾಕ್ ಕಾರ್ ಪಂದ್ಯ. ಪಂದ್ಯದ ತಂಡಗಳ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಆ ನಗರದ ಸುತ್ತಮುತ್ತಲೇ. 2010ರಲ್ಲಿ ಆರಂಭವಾದ ಅದರ ವಸ್ತುಸಂಗ್ರಹಾಲಯವೂ ಅಲ್ಲಿಯೇ ಇದೆ. ಮಗ ಕೆಲಸಕ್ಕೆ, ಮೊಮ್ಮಗ ಶಾಲೆಗೆ ಹೋದ ಮೇಲೆ ನನಗೆ ಮಾತಿಗೆ ಸಿಗುತ್ತಿದ್ದವರು ಪಕ್ಕದ ಮನೆಯ ಯಜಮಾನರೊಬ್ಬರೇ. ನನ್ನ ವಯಸ್ಸಿನವರು, ಈ ಪಂದ್ಯದ ಕಟ್ಟಾ ಅಭಿಮಾನಿ. ಭಾನುವಾರ ಮಧ್ಯಾಹ್ನ ಅವರ ಮನೆಯ ದೂರದರ್ಶನದ ಮುಂದೆ ನನಗೂ ಒಂದು ಕುರ್ಚಿ ಮೀಸಲಾಯಿತು.

ಮೊದಲ ಭಾನುವಾರ ನನಗೆ ಕಂಡದ್ದು ಇಷ್ಟೇ: ಸುಮಾರು ನಲವತ್ತು ಕಾರುಗಳು ಗಾಣದ ಎತ್ತಿನಂತೆ ಒಂದೇ ದಾರಿಯನ್ನು ಮೂರು ಗಂಟೆಗಳ ಕಾಲ ಸುತ್ತುತ್ತಿದ್ದವು. ಆದರೆ ಆ ಯಜಮಾನರು ತಾಳ್ಮೆಯಿಂದ ಹೇಳಿಕೊಟ್ಟರು. ದೊಡ್ಡ ಪಥಗಳಲ್ಲಿ ಗಂಟೆಗೆ ಮುನ್ನೂರು ಕಿಲೋಮೀಟರಿನ ಸುಮಾರಿಗೆ ಓಡುವ ಕಾರುಗಳ ನಡುವಣ ಅಂತರ ಒಂದು ಗೇಣಿಗೂ ಕಡಿಮೆಯಾಗುವುದುಂಟು. ಸುತ್ತಲೂ ಕಾಂಕ್ರೀಟು ಗೋಡೆ. ಒಬ್ಬನ ಚಿಕ್ಕ ತಪ್ಪಿಗೆ ಹತ್ತು ಕಾರುಗಳು ಗೋಡೆಗೆ ಬಡಿಯಬಹುದು.

ನಾನು ವಿಜ್ಞಾನದ ಮೇಷ್ಟ್ರು. ನನ್ನ ಆಸಕ್ತಿ ಓಟಕ್ಕಿಂತ ಬಡಿತದ ಕಡೆಗೆ ತಿರುಗಿತು. ವಸ್ತುಸಂಗ್ರಹಾಲಯಕ್ಕೆ ಹೋದೆವು. ಪುಸ್ತಕಗಳನ್ನು ಓದಿದೆ. ತಿಳಿದುಬಂದ ಕಥೆ ಮನಸ್ಸನ್ನು ಕಲಕುವಂಥದ್ದು.

2000ನೆಯ ಇಸವಿಯ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರಿನ ಪಥದಲ್ಲಿ ಆಡಮ್ ಪೆಟ್ಟಿ ಎಂಬ ಹತ್ತೊಂಬತ್ತು ವರ್ಷದ ಹುಡುಗ ಗೋಡೆಗೆ ಬಡಿದು ತೀರಿಕೊಂಡ. ಜುಲೈನಲ್ಲಿ ಅದೇ ಪಥದಲ್ಲಿ ಕೆನ್ನಿ ಅರ್ವಿನ್, ಅಕ್ಟೋಬರಿನಲ್ಲಿ ಟೆಕ್ಸಾಸಿನಲ್ಲಿ ಟೋನಿ ರೋಪರ್ ಬಲಿಯಾದರು. 2001ರ ಫೆಬ್ರವರಿ 18ರಂದು ಡೇಟೋನಾ ಪಂದ್ಯದ ಕೊನೆಯ ಸುತ್ತಿನಲ್ಲಿ, ಏಳು ಬಾರಿ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡರು. ಅವರ ತಲೆಬುರುಡೆಯ ತಳಭಾಗ ಮುರಿದಿತ್ತು. ಬೆಲ್ಟು ಎದೆಯನ್ನು ಆಸನಕ್ಕೆ ಹಿಡಿದಿಟ್ಟಾಗಲೂ ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಶಿರಸ್ತ್ರಾಣದ ತೂಕವೂ ಅದರ ಜೊತೆಗೆ ಸೇರುತ್ತದೆ. ಈ ಎಳೆತವನ್ನು ಕುತ್ತಿಗೆಯ ಬುಡ ತಾಳಲಾರದು.

ಇದಕ್ಕೆ ಪರಿಹಾರ ಆಗಲೇ ಇತ್ತೆಂಬುದು ವಿಷಾದದ ಸಂಗತಿ. ರಾಬರ್ಟ್ ಹಬಾರ್ಡ್ ಎಂಬ ಪ್ರಾಧ್ಯಾಪಕರು ಮತ್ತು ಅವರ ಬಂಧು, ಪಂದ್ಯದ ಚಾಲಕ ಜಿಮ್ ಡೌನಿಂಗ್ 1980ರ ದಶಕದಲ್ಲಿಯೇ ಹಾನ್ಸ್ ಎಂಬ ಸಾಧನವನ್ನು ರೂಪಿಸಿದ್ದರು. ಅದು ಹೆಗಲ ಮೇಲೆ ಕೂರುವ ಒಂದು ಗಟ್ಟಿ ಕೊರಳಪಟ್ಟಿ. ಅದರಿಂದ ಶಿರಸ್ತ್ರಾಣಕ್ಕೆ ಎರಡು ಪಟ್ಟಿಗಳು. ತಲೆ ಎದೆಯ ಜೊತೆಯಲ್ಲಿಯೇ ನಿಲ್ಲುತ್ತದೆ. ಆದರೆ ಅನೇಕ ಚಾಲಕರು ಅದನ್ನು ಒಲ್ಲೆವೆಂದರು. ಹಿಂಸೆಯಾಗುತ್ತದೆ, ಕತ್ತು ಹೊರಳದು, ಬೆಂಕಿ ಹತ್ತಿದರೆ ಬೇಗ ಹೊರಬರಲಾಗದು ಎಂದು ದೂರಿದರು. ಸ್ವತಃ ಅರ್ನ್‌ಹಾರ್ಟ್ ಅದನ್ನು ಒಪ್ಪಿರಲಿಲ್ಲ. 2001ರ ಅಕ್ಟೋಬರಿನಲ್ಲಿ ಷಾರ್ಲಟ್ಟಿನಲ್ಲಿ ಬ್ಲೇಸ್ ಅಲೆಕ್ಸಾಂಡರ್ ಎಂಬ ಇನ್ನೊಬ್ಬ ಯುವಕ ಸತ್ತ ಮೇಲೆ ನಾಸ್ಕಾರ್ ತಲೆ ಮತ್ತು ಕುತ್ತಿಗೆಯ ರಕ್ಷಾಕವಚವನ್ನು ಕಡ್ಡಾಯ ಮಾಡಿತು.

ಮರುವರ್ಷ ಗೋಡೆಯೂ ಬದಲಾಗತೊಡಗಿತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಡೀನ್ ಸಿಕಿಂಗ್ ಮತ್ತು ಸಂಗಡಿಗರು ರೂಪಿಸಿದ ಹೊಸ ತಡೆಗೋಡೆ 2002ರಲ್ಲಿ ಇಂಡಿಯಾನಪೊಲಿಸ್ ಪಥಕ್ಕೆ ಬಂದಿತು. ಮುಂದೆ ಉಕ್ಕಿನ ಕೊಳವೆಗಳು, ಅವುಗಳ ಹಿಂದೆ ನೊರೆಪದಾರ್ಥದ ಇಟ್ಟಿಗೆಗಳು. ಕಾರು ಬಡಿದಾಗ ಗೋಡೆಯೇ ಸ್ವಲ್ಪ ಒಳಸರಿದು ಪೆಟ್ಟನ್ನು ನುಂಗುತ್ತದೆ. 2007ರಲ್ಲಿ ಸುರಕ್ಷತೆಯನ್ನೇ ಮುಂದಿಟ್ಟುಕೊಂಡು ಕಟ್ಟಿದ ಕಾರು ಬಂದಿತು. ಅದರ ಹೆಸರೇ 'ನಾಳೆಯ ಕಾರು'. ಛಾವಣಿ ಎರಡು ಅಂಗುಲ ಎತ್ತರ, ಮೈ ನಾಲ್ಕು ಅಂಗುಲ ಅಗಲ. ಚಾಲಕನ ಆಸನ ಬಾಗಿಲಿನಿಂದ ದೂರಕ್ಕೆ ಸರಿಯಿತು. ಆ ವರ್ಷದ ಮಾರ್ಚಿನಲ್ಲಿ ಬ್ರಿಸ್ಟಲ್ಲಿನಲ್ಲಿ ನಡೆದ ಅದರ ಮೊದಲ ಪಂದ್ಯವನ್ನು ಗೆದ್ದ ಕೈಲ್ ಬುಷ್, ಗೆದ್ದ ಜಾಗದಲ್ಲಿ ನಿಂತೇ ಈ ಕಾರನ್ನು ಓಡಿಸಲು ನನಗೆ ಸ್ವಲ್ಪವೂ ಇಷ್ಟವಿಲ್ಲವೆಂದು ಎಲ್ಲರ ಮುಂದೆ ದೂರಿದ. ಮರುವರ್ಷ ಟೆಕ್ಸಾಸಿನಲ್ಲಿ ಮೈಕೇಲ್ ಮೆಕ್‌ಡವೆಲ್ ಎಂಬ ಚಾಲಕನ ಕಾರು ಗೋಡೆಗೆ ಬಡಿದು, ಉರುಳುರುಳಿ ಹೋಗಿ ಚೂರುಚೂರಾಯಿತು. ಆತ ತನ್ನ ಕಾಲ ಮೇಲೆ ನಡೆದುಕೊಂಡು ಹೊರಬಂದ.

ಇಷ್ಟು ತಿಳಿದಾಗ ನನ್ನೊಳಗಿನ ಮೇಷ್ಟ್ರಿಗೆ ಬಹಳ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಹುಡುಗರು ಗೊಣಗುತ್ತಾರೆ, ಹಿರಿಯರು ಕಹಿ ಔಷಧ ಕುಡಿಸುತ್ತಾರೆ, ಕೊನೆಗೆ ಹಿರಿಯರ ಮಾತೇ ನಿಜವಾಗುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ನಾನು ನಂಬಿ ನಡೆದದ್ದೂ ಅದನ್ನೇ. ಪಕ್ಕದ ಮನೆಯ ಯಜಮಾನರಿಗೆ ಹೀಗೆಂದೆ. ಅವರು ಉತ್ತರಿಸಲಿಲ್ಲ, ಈ ವರ್ಷದ ಕಾರನ್ನು ನೋಡುತ್ತಿರಿ ಎಂದಷ್ಟೇ ಹೇಳಿದರು.

ಆ ವರ್ಷ, ಎಂದರೆ 2022ರಲ್ಲಿ, ಹೊಸ ತಲೆಮಾರಿನ ಕಾರು ಬಂದಿತ್ತು. ಹಿಂದೆ ಪ್ರತಿಯೊಂದು ತಂಡವೂ ತನ್ನ ಕಾರಿನ ಚೌಕಟ್ಟನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಈಗ ಎಲ್ಲರಿಗೂ ಒಂದೇ ಬಗೆಯ ಚೌಕಟ್ಟು. ದೊಡ್ಡ ಅಪಘಾತಕ್ಕೂ ಬಗ್ಗದಂತೆ ಗಟ್ಟಿಯಾಗಿ ಮಾಡಿದ್ದರು. ಆದರೆ ಹಿಂಭಾಗ ಗೋಡೆಗೆ ತಾಗಿದಾಗ ವಿಪರೀತ ಪೆಟ್ಟಾಗುತ್ತಿದೆಯೆಂದು ಚಾಲಕರು ವರ್ಷದ ಮೊದಲಿನಿಂದಲೂ ಹೇಳುತ್ತಲೇ ಇದ್ದರು. ನೋಡುವವರಿಗೆ ಸಣ್ಣದಾಗಿ ಕಾಣುವ ಡಿಕ್ಕಿಯೂ ಒಳಗಿದ್ದವನ ತಲೆಯನ್ನು ಅಲುಗಿಸಿಬಿಡುತ್ತಿತ್ತು.

ಜುಲೈ 23ರಂದು ಪೊಕೊನೋ ಎಂಬಲ್ಲಿ ಅರ್ಹತಾ ಓಟದ ವೇಳೆ ಕರ್ಟ್ ಬುಷ್ ಅವರ ಕಾರಿನ ಹಿಂಭಾಗ ಗೋಡೆಗೆ ಬಡಿಯಿತು. ಇವರು ನಾನು ಮೇಲೆ ಹೇಳಿದ ಕೈಲ್ ಬುಷ್‌ನ ಅಣ್ಣ, 2004ರ ಚಾಂಪಿಯನ್. ಕಾರು ಪಲ್ಟಿ ಹೊಡೆಯಲಿಲ್ಲ, ಹೊತ್ತಿ ಉರಿಯಲಿಲ್ಲ. 'ಏನೂ ಆಗಿಲ್ಲ ಬಿಡಿ' ಎಂದವನು ನಾನೇ. ಅವರ ಮಿದುಳಿಗೆ ಆಘಾತವಾಗಿತ್ತು. ಅಕ್ಟೋಬರಿನಲ್ಲಿ, ಇನ್ನು ಪೂರ್ಣಾವಧಿಯಾಗಿ ಓಡಿಸಲಾರೆನೆಂದು ಪ್ರಕಟಿಸಿದರು. ಮರುವರ್ಷ ನಿವೃತ್ತರಾದರು.

ಸೆಪ್ಟೆಂಬರ್ 25ರಂದು ಟೆಕ್ಸಾಸಿನಲ್ಲಿ ಅಲೆಕ್ಸ್ ಬೋಮನ್ ಎಂಬ ಚಾಲಕನ ಕಾರೂ ಹಾಗೆಯೇ ಹಿಂದಾಗಿ ಗೋಡೆಗೆ ತಾಗಿತು. ಆತ ನಿಲ್ಲಿಸಲಿಲ್ಲ, ಓಡಿಸುತ್ತಲೇ ಪಂದ್ಯ ಮುಗಿಸಿದ. ಆಮೇಲೆ ತಿಳಿಯಿತು, ಅವನಿಗೂ ಮಿದುಳಿನ ಆಘಾತ. ಮುಂದಿನ ಐದು ಪಂದ್ಯಗಳಿಗೆ ಅವನಿಲ್ಲ.

ಆಗ ಚಾಲಕರು ಸುಮ್ಮನಿರಲಿಲ್ಲ. ಡೆನ್ನಿ ಹ್ಯಾಮ್ಲಿನ್, ಕೆವಿನ್ ಹಾರ್ವಿಕ್ ಮೊದಲಾದ ಹಿರಿಯ ಚಾಲಕರು ಬಹಿರಂಗವಾಗಿಯೇ ಟೀಕಿಸಿದರು. ಹಿಂದೊಮ್ಮೆ, 1969ರಲ್ಲಿ, ಟಾಲಡೇಗಾ ಪಥದಲ್ಲಿ ಟೈರುಗಳು ತಾಳುವುದಿಲ್ಲವೆಂದು ರಿಚರ್ಡ್ ಪೆಟ್ಟಿಯವರ ಮುಂದಾಳತ್ವದಲ್ಲಿ ಚಾಲಕರು ಪಂದ್ಯವನ್ನೇ ಬಿಟ್ಟು ಹೊರಟಾಗ, ಸಂಸ್ಥೆ ಬೇರೆಯವರನ್ನಿಟ್ಟುಕೊಂಡು ಪಂದ್ಯ ನಡೆಸಿತ್ತು. ಈ ಸಲ ಹಾಗಾಗಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಒಹಾಯೋದಲ್ಲಿ ಕಾರಿನ ಹಿಂಭಾಗಕ್ಕೆ ಹೊಸದಾಗಿ ಅಪ್ಪಳಿಕೆಯ ಪರೀಕ್ಷೆ ನಡೆಯಿತು. ಅದೇ ವಾರ ಷಾರ್ಲಟ್ಟಿನ ಪಥದಲ್ಲಿ ಚಾಲಕರೂ ಅಧಿಕಾರಿಗಳೂ ಎದುರುಬದುರು ಕುಳಿತು ಮಾತಾಡಿದರು. 2023ಕ್ಕೆ ಹಿಂಭಾಗದ ಚೌಕಟ್ಟನ್ನು ಪೆಟ್ಟಿಗೆ ಕುಸಿಯುವಂತೆ ಬದಲಿಸಿದರು.

ಮಕ್ಕಳೇ, ನಿಮ್ಮಲ್ಲಿ ಅನೇಕರಿಗೆ ನನ್ನ ಮೊಟ್ಟೆಯ ಪಾಠ ನೆನಪಿರಬಹುದು. ನಮ್ಮ ಮನೆಗೆ ಮೊಟ್ಟೆ ಬರುತ್ತಿರಲಿಲ್ಲವಾದ್ದರಿಂದ ಶಾಲೆಯ ಜವಾನನ ಕೈಯಲ್ಲಿ ಗುಟ್ಟಾಗಿ ತರಿಸುತ್ತಿದ್ದೆ. ಇಬ್ಬರು ಹುಡುಗರು ಹಿಡಿದ ಬೆಡ್‌ಶೀಟಿಗೆ ಎಷ್ಟು ಜೋರಾಗಿ ಎಸೆದರೂ ಮೊಟ್ಟೆ ಒಡೆಯದು. ಗೋಡೆಗೆ ಮೆಲ್ಲಗೆ ಎಸೆದರೂ ಒಡೆಯುವುದು. ಸಂವೇಗ ಇಳಿಯಲು ಹೆಚ್ಚು ಕಾಲ ಸಿಕ್ಕರೆ ಬಲ ಕಡಿಮೆ, ಕಡಿಮೆ ಕಾಲ ಸಿಕ್ಕರೆ ಬಲ ಹೆಚ್ಚು. ಆಮೇಲೆ ಮೊಟ್ಟೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮೇಜಿನ ಮೇಲಿಂದ ಬೀಳಿಸುತ್ತಿದ್ದೆ. ಡಬ್ಬಿಗೆ ಒಂದು ತಗ್ಗೂ ಬೀಳುತ್ತಿರಲಿಲ್ಲ. ಮುಚ್ಚಳ ತೆಗೆದರೆ ಲೋಳೆ. 'ಡಬ್ಬಿ ಗಟ್ಟಿಯಾಗಿದೆಯೆಂದು ಮೊಟ್ಟೆ ಉಳಿಯುವುದಿಲ್ಲ; ಡಬ್ಬಿ ನಜ್ಜಾದಷ್ಟೂ ಮೊಟ್ಟೆಗೆ ಒಳ್ಳೆಯದು' ಎಂದು ವರ್ಷವರ್ಷವೂ ಹೇಳಿದೆ. 2022ರ ಕಾರಿನಲ್ಲಿ ಆದದ್ದು ಇದೇ. ಮೊದಲು ತಿಳಿದವನು ಒಳಗೆ ಕುಳಿತಿದ್ದವನು. ಹೊರಗೆ ನಿಂತವರಿಗೆ ಡಬ್ಬಿ ಮಾತ್ರ ಕಾಣುತ್ತಿತ್ತು.

ಪಾಠ ಹೇಳಿದ ನಾನು ಅದನ್ನು ಕಲಿತಿರಲಿಲ್ಲ. ಅಲೆಕ್ಸ್ ಬೋಮನ್‌ನ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಂತಿತ್ತು.

1994. ತಾಲೂಕು ಮಟ್ಟದ ಕಬಡ್ಡಿ. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ತಂಡದ ಹೊಣೆ ನನ್ನದಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ನಮ್ಮ ತಂಡದ ಆಧಾರ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳಿಗೆ ತಿಳಿಯುತ್ತದೆ. ಸೆಮಿಫೈನಲ್ಲಿನಲ್ಲಿ ನಾಲ್ಕು ಜನ ಅವನನ್ನು ಎತ್ತಿ ಕೆಡವಿದರು. ತಲೆಯ ಹಿಂಭಾಗ ಗಟ್ಟಿ ನೆಲಕ್ಕೆ ಬಡಿಯಿತು. ಎದ್ದು ಬಂದವನು 'ಸಾರ್, ತಲೆ ಗುಂಯ್ ಅಂತಿದೆ, ಎರಡೆರಡು ಕಾಣ್ತಿದೆ' ಎಂದ. ಗಾಯವಿರಲಿಲ್ಲ, ರಕ್ತವಿರಲಿಲ್ಲ. 'ಕಬಡ್ಡಿ ಆಡೋನಿಗೆ ಪೆಟ್ಟು ಬೀಳದೆ ಇರುತ್ತೇನೋ? ಸೋಡಾ ಕುಡಿ, ಫೈನಲ್ ಇದೆ' ಎಂದು ಬೆನ್ನು ತಟ್ಟಿ ಕಳಿಸಿದೆ. ಅವನು ಆಡಿದ. ನಾವು ಗೆದ್ದೆವು.

ಆ ರಾತ್ರಿ ಅವನು ನಿಲ್ಲದೆ ವಾಂತಿ ಮಾಡಿಕೊಂಡ. ಅವನ ತಂದೆ ಜಿಲ್ಲಾ ಆಸ್ಪತ್ರೆಗೆ ಹೊತ್ತೊಯ್ದರು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಮೂರು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೂ ಅರ್ಧ ಗಂಟೆ ಓದಿದರೆ ತಲೆನೋವೆಂದು ಮೇಜಿಗೆ ಹಣೆ ಹಚ್ಚಿ ಮಲಗುತ್ತಿದ್ದ. ಅದಕ್ಕೂ ಒಂದೆರಡು ಸಲ ಗದರಿದ್ದೇನೆ. ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ಸಲ ನಪಾಸಾದ. ಆ ಪೆಟ್ಟೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಅವನ ತಂದೆ ಶಾಲೆಗೆ ಬಂದಾಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. 'ನೀವೇನ್ ಮಾಡಕ್ಕಾಗ್ತದೆ ಸಾರ್' ಎಂದು ಕೈ ಮುಗಿದು ಹೋದರು. ಆ ಮಾತನ್ನೇ ಹಿಡಿದುಕೊಂಡು ಇಷ್ಟು ವರ್ಷ ಆರಾಮವಾಗಿ ಇದ್ದೆ.

ಹಾನ್ಸ್ ಒಲ್ಲೆನೆಂದವರ ದೂರೂ ದೂರೇ, ಎರಡೆರಡು ಕಾಣುತ್ತಿದೆ ಎಂದವನ ದೂರೂ ದೂರೇ. ಒಂದು, ಕಾಪಾಡುವ ವಸ್ತು ಹಿಂಸೆಯೆನಿಸಿದಾಗ ಹುಟ್ಟಿದ್ದು. ಅದನ್ನು ಕೇಳಿ, ಅಳತೆ ಮಾಡಿ, ತಿಳಿಹೇಳಿ, ಅಗತ್ಯವಿದ್ದರೆ ಕಡ್ಡಾಯ ಮಾಡಬೇಕು. ಇನ್ನೊಂದು, ಪೆಟ್ಟು ತಿಂದವನ ಸಾಕ್ಷ್ಯ. ಹೊರಗಿನಿಂದ ಎರಡೂ ಒಂದೇ ಬಗೆಯ ಗೊಣಗಾಟವೆಂದು ಕೇಳಿಸುತ್ತವೆ. ಮೊದಲ ಬಗೆಯದನ್ನು ಸಾವಿರ ಸಲ ಕೇಳಿ ಬೇಸತ್ತ ನನಗೆ ಎರಡನೆಯದನ್ನು ಗುರುತಿಸುವ ಕಿವಿ ಇರಲಿಲ್ಲ. ವಿಚಾರಿಸಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು.

ಹೋದ ವರ್ಷ ಆ ಹುಡುಗ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಹುಡುಗನೆಂದರೆ ಈಗ ನಲವತ್ತೈದರ ಆಸುಪಾಸು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಕಾಫಿ ಕುಡಿಯುವಾಗ ಅಮೆರಿಕದ ಕಾರಿನ ಕಥೆಯನ್ನು ಹೇಳಿ, ಆ ದಿನದ ನನ್ನ ತಪ್ಪನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, 'ಸಾರ್, ಫೈನಲ್ ಆಡಿದ್ದು ನನಗೆ ನೆನಪೇ ಇಲ್ಲ. ಬೇರೆಯವರು ಹೇಳಿದ್ದು ಕೇಳಿದ್ದೀನಿ. ನೀವು ಸೋಡಾ ಕೊಡಿಸಿದ್ದು ಮಾತ್ರ ನೆನಪಿದೆ' ಎಂದ. ಹೋಗುವಾಗ ಕಾಲಿಗೆ ನಮಸ್ಕರಿಸಿದ. ನನಗೆ ಆಶೀರ್ವಾದದ ಮಾತು ಹೊರಡಲಿಲ್ಲ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕಾರ್ಖಾನೆಗಳಲ್ಲಿ ಮೇಲಧಿಕಾರಿಗಳಾಗಿದ್ದೀರಿ. ಬಹುತೇಕ ಎಲ್ಲರೂ ತಂದೆತಾಯಿಗಳಾಗಿದ್ದೀರಿ. ಯಾರಾದರೂ ನಿಮ್ಮ ಬಳಿ ಬಂದು ನೋಯುತ್ತಿದೆ ಎಂದರೆ, ದಯವಿಟ್ಟು ಮೊದಲು ಅವರನ್ನು ಕೂರಿಸಿ, ಎಲ್ಲಿ, ಎಷ್ಟು, ಯಾವಾಗಿನಿಂದ ಎಂದು ಕೇಳಿರಿ. ಫೈನಲ್ ಆಮೇಲೆ.

ಅಂದು ಗೆದ್ದ ಫಲಕ ಈಗಲೂ ಶಾಲೆಯ ಗಾಜಿನ ಬೀರುವಿನಲ್ಲಿದೆ. ಊರಿಗೆ ಹೋದವರು ನೋಡಬಹುದು. ಎರಡನೆಯ ಸಾಲಿನಲ್ಲಿ, ಎಡಗಡೆಗೆ.

ಎಲ್ಲರಿಗೂ ಒಳಿತಾಗಲಿ.

ನಿಮ್ಮ ಮೇಷ್ಟ್ರು