ಜೆನೋಬಿಯಾ ವೇಷ

1897ರ ಜುಲೈ 2. ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಡಗರ. ಲಂಡನ್ನಿನ ಡೆವನ್‌ಶೈರ್ ಹೌಸಿನ ವೇಷಕೂಟಕ್ಕೆ ಸುಮಾರು 700 ಗಣ್ಯರು ಬಂದಿದ್ದರು. ತೋಟದ ಡೇರೆಯಲ್ಲಿ ಲಫಾಯೆಟ್ ಸ್ಟುಡಿಯೋದವರು ಅನೇಕರ ಫೋಟೋ ತೆಗೆದರು. ನನ್ನ ನಾನಿಯ ಕಥೆಗಳ ಬಿಲ್ಖೀಸ್ ರಾಣಿಯೂ ಅಲ್ಲಿದ್ದಾಳೆ, ಪ್ಲೆಸ್ಸಿನ ರಾಜಕುಮಾರಿ ಡೈಸಿಯ ಮೈಮೇಲೆ!

ಮನೆಯೊಡತಿ ಡಚೆಸ್ ಲೂಯಿಸಾಳದ್ದು ಪಾಲ್ಮೈರಾದ ಜೆನೋಬಿಯಾ ವೇಷ. ರೋಮ್ ಸಾಮ್ರಾಜ್ಯಕ್ಕೆ ತಿರುಗಿಬಿದ್ದು ಸೆರೆಯಾದ ರಾಣಿ ಅವಳು. ಸಾಮ್ರಾಜ್ಯದ ಹಬ್ಬಕ್ಕೆ ಆ ವೇಷವೇ ಬೇಕಿತ್ತೆ? ಅದೇ ವರ್ಷ ನಮ್ಮ ದೇಶದಲ್ಲಿ ಬರ, ಮುಂಬಯಿಯಲ್ಲಿ ಪ್ಲೇಗು. ಸಿಟ್ಟು ಬಂತು. ಆದರೂ ಆ ಕಸೂತಿಯಿಂದ ಕಣ್ಣು ಕೀಳಲಾಗಲಿಲ್ಲ.

ಜರಿ ಕೆಲಸದಲ್ಲೇ ಕಣ್ಣು ಸವೆಸಿದ ಅಮ್ಮಿಗೆ ತೋರಿಸಿದೆ. ಹತ್ತಿರ ಹಿಡಿದು ನೋಡಿದಳು.

"ಹೊಲಿದವರು ಯಾರು?"

"ಪ್ಯಾರಿಸ್ಸಿನ ವರ್ತ್ ಅನ್ನೋ ಅಂಗಡಿ."

"ಅಂಗಡಿ ಎಲ್ಲಾದರೂ ಹೊಲೀತದಾ ಬೇಟಾ?"