ಹಂಚಿಕೊಂಡ ಹೊಣೆ

ಬೆಂಗಳೂರಿನ ಅಂಚೆಕಚೇರಿಯ ಗುಮಾಸ್ತನಿಗೆ ಮಲೆನಾಡಿನ ಹಳ್ಳಿಯೊಂದರ ಮನೆ ತಿಳಿಯದು. ಆದರೂ ಅಲ್ಲಿಗೆ ಬರೆದ ಕಾಗದ ತಪ್ಪದೆ ಮುಟ್ಟುತ್ತದೆ. ಗುಮಾಸ್ತನು ಜಿಲ್ಲೆಯನ್ನು ಬಲ್ಲ. ಮನೆಯನ್ನು ಹಳ್ಳಿಯ ಅಂಚೆಯವನು ಬಲ್ಲ. ಅರಿವು ಹಂಚಿಹೋಗಿರುವುದರಿಂದಲೇ ಕೆಲಸ ಸಾಗುತ್ತದೆ. ಗಣಕಯಂತ್ರಗಳ ಜಗತ್ತು ಈ ಸತ್ಯವನ್ನು ಕಷ್ಟಪಟ್ಟು ಕಲಿಯಬೇಕಾಯಿತು.

1969ರಲ್ಲಿ ಅಮೆರಿಕದಲ್ಲಿ 'ಅರ್ಪಾನೆಟ್' ಎಂಬ ಗಣಕಜಾಲ ಆರಂಭವಾಯಿತು. ಅದರಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ವಿಳಾಸವುಂಟು. ಆದರೆ ಮನುಷ್ಯನ ನೆನಪಿಗೆ ಅಂಕಿಗಿಂತ ಹೆಸರೇ ಹಿತ. ಯಾವ ಹೆಸರಿಗೆ ಯಾವ ವಿಳಾಸವೆಂದು ತಿಳಿಸುವ ಒಂದೇ ಪಟ್ಟಿಯನ್ನು ಕ್ಯಾಲಿಫೋರ್ನಿಯದ ಸಂಶೋಧನ ಸಂಸ್ಥೆಯೊಂದರಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಕಾಯ್ದುಕೊಂಡು ಬಂದರು. ಹೊಸ ಯಂತ್ರ ಸೇರಿದಾಗಲೆಲ್ಲ ಅವರಿಗೆ ತಿಳಿಸಬೇಕು. ತಿದ್ದಿದ ಪಟ್ಟಿಯನ್ನು ಉಳಿದವರೆಲ್ಲ ತರಿಸಿಕೊಳ್ಳಬೇಕು. ಯಂತ್ರಗಳು ನೂರಾರಾದಂತೆ, ಪಟ್ಟಿಯು ಎಲ್ಲರ ಕೈಸೇರುವಷ್ಟರಲ್ಲಿ ಹಳತಾಗತೊಡಗಿತು. ಕೊರತೆಯಿದ್ದುದು ದುಡಿಯುವವರ ಶ್ರದ್ಧೆಯಲ್ಲಲ್ಲ, ವ್ಯವಸ್ಥೆಯ ರಚನೆಯಲ್ಲಿ.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು 'ಡೊಮೇನ್ ನೇಮ್ ಸಿಸ್ಟಮ್' ಎಂಬ ಹೊಸ ವ್ಯವಸ್ಥೆಯನ್ನು ರೂಪಿಸಿದರು. ಇದೊಂದು ಮರದಂತೆ. ಬುಡವು ಕೊಂಬೆಗಳನ್ನು ಮಾತ್ರ ಬಲ್ಲದು. ಕೊಂಬೆಯು ತನ್ನ ರೆಂಬೆಗಳನ್ನು ಬಲ್ಲದು. ಎಲ್ಲವನ್ನೂ ಬಲ್ಲ ಯಂತ್ರ ಎಲ್ಲಿಯೂ ಇಲ್ಲ. ವಿಶ್ವವಿದ್ಯಾನಿಲಯವೊಂದು ತನ್ನ ಯಂತ್ರಗಳ ಹೆಸರನ್ನು ತಾನೇ ಬರೆದಿಡುತ್ತದೆ, ತಾನೇ ತಿದ್ದುತ್ತದೆ. ತಾನು ಕೊಟ್ಟ ಉತ್ತರವನ್ನು ಇತರರು ಎಷ್ಟು ಹೊತ್ತು ನೆನಪಿಡಬಹುದೆಂಬುದನ್ನೂ ತಾನೇ ಗೊತ್ತುಮಾಡುತ್ತದೆ. ಅವಧಿ ದೀರ್ಘವಾದರೆ ಕೆಲಸ ಹಗುರ, ಆದರೆ ಸುದ್ದಿ ಹಳತಾದೀತು. ಕಿರಿದಾದರೆ ಸುದ್ದಿ ಹೊಸತು, ಆದರೆ ಕೆಲಸ ಭಾರ. ಎರಡನ್ನೂ ತೂಗಿನೋಡುವ ವಿವೇಕವನ್ನು ಆಯಾ ಸ್ಥಳದವರಿಗೇ ಬಿಡಲಾಗಿದೆ.

ಸ್ವಾತಂತ್ರ್ಯದೊಡನೆ ಹೊಣೆಯೂ ಬರುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ, ಜಾಲದ ದುರಸ್ತಿಯ ಸಮಯದಲ್ಲಿ ಕೊಟ್ಟ ಒಂದು ತಪ್ಪು ಆದೇಶದಿಂದ ಅದರ ಒಳಸಂಪರ್ಕವೆಲ್ಲ ಕಡಿದುಹೋಯಿತು. ಅದರ ಹೆಸರುಗಳಿಗೆ ವಿಳಾಸ ಹೇಳುವ ಯಂತ್ರಗಳೂ ಹೊರಜಗತ್ತಿಗೆ ಕಾಣದಾದವು. ಸುಮಾರು ಆರು ಗಂಟೆಗಳ ಕಾಲ ಕೋಟ್ಯಂತರ ಜನರ ಮಾತುಕತೆ ನಿಂತಿತು. ಆದರೆ ಒಂದು ಕೊಂಬೆ ಮುರಿದುದಕ್ಕೆ ಇಡೀ ಮರ ಉರುಳಲಿಲ್ಲ; ಇತರರ ಹೆಸರುಗಳು ಅಳಿಯಲಿಲ್ಲ.

ದೊಡ್ಡದನ್ನು ಕಟ್ಟುವವನು ಎಲ್ಲವನ್ನೂ ತನ್ನ ಮುಷ್ಟಿಯಲ್ಲಿ ಹಿಡಿದಿರಬೇಕೆಂಬುದು ಭ್ರಮೆ. ಯಾವುದನ್ನು ಎಲ್ಲರೂ ಒಪ್ಪಿ ನಡೆಯಬೇಕು, ಯಾವುದನ್ನು ಅವರವರಿಗೇ ಬಿಡಬೇಕು ಎಂಬುದನ್ನು ಅರಿಯುವುದೇ ನಿಜವಾದ ಜಾಣ್ಮೆ. ಹಳ್ಳಿಯ ಅಂಚೆಯವನನ್ನು ನಂಬಿದಾಗಲೇ ಅಲ್ಲವೆ, ಕಾಗದ ಮನೆ ಸೇರುವುದು?